ಮುತ್ತತ್ತಿಯ ಮರಳಲ್ಲಿ ಹೂತಿಟ್ಟ ಅನ್ನ

ಹೋದ ಬೇಸಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಮೂವರು ಪೀಣ್ಯದ ನಮ್ಮ ಮನೆಗೆ ಬಂದಿದ್ದರು. ಮೂವರೂ ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದಾರೆ. ಕಾಫಿ ಕುಡಿಯುತ್ತ ಅವರಲ್ಲೊಬ್ಬ ಕೇಳಿದ: “ಸಾರ್, ಆಫ್ರಿಕಾದಲ್ಲಿ ಕಾಡಿನ ಮಧ್ಯೇನೇ ಟೆಂಟ್ ಹಾಕ್ಕೊಂಡು, ನಮ್ಮ ಅಡುಗೆ ನಾವೇ ಮಾಡ್ಕೊಂಡು ಇರಬಹುದಂತೆ. ನೀವು ಹೋಗಿ ಬಂದಿದ್ದೀರಲ್ಲ, ನಮ್ಮ ಕಡೆ ಅಂಥದ್ದು ಎಲ್ಲಿದೆ ಸಾರ್?”

ಎಲ್ಲೂ ಇಲ್ಲವಪ್ಪಾ ಎಂದುಬಿಟ್ಟೆ. ನಿಜ ಹೇಳಬೇಕೆಂದರೆ ಅದು ಪೂರ್ತಿ ಉತ್ತರವಲ್ಲ. ಅಂಥದ್ದೊಂದು ನಮಗೂ ಇತ್ತು. ಟಿಕೆಟ್ಟಿಲ್ಲದೆ, ಬೇಲಿಯಿಲ್ಲದೆ, ಕೇಳುವವರಿಲ್ಲದೆ ಇತ್ತು. ಅದು ಕೈತಪ್ಪಿದ್ದರಲ್ಲಿ ನನ್ನದೂ ಒಂದು ಹಿಡಿ ಪಾಲಿದೆ. ಹಿಡಿ ಅಂದರೆ ಕಡಿಮೆಯಾಯಿತು, ಒಂದು ತಪ್ಪಲೆ ಪಾಲು. ಆ ಕಥೆಯನ್ನು ಹುಡುಗರಿಗೆ ಅಂದು ಹೇಳಿದೆ. ಇಲ್ಲಿ ಇನ್ನಷ್ಟು ಸಾವಧಾನವಾಗಿ ಹೇಳುತ್ತೇನೆ.

1997ರ ಫೆಬ್ರವರಿ. ಆಗ ನಾನು ಪೀಣ್ಯದಲ್ಲಿ ಹೈಸ್ಕೂಲು ಮೇಷ್ಟ್ರಾಗಿ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಬಾಡಿಗೆಗೆ ಇದ್ದ ವಠಾರದ ತುಂಬ ಕಾರ್ಖಾನೆಯವರೇ. ಲೇತ್‌ನವರು, ಟರ್ನರ್, ಫಿಟ್ಟರ್, ಪ್ಲೇಟಿಂಗ್ ಮಾಡುವವರು. ವಾರವಿಡೀ ಕಟಿಂಗ್ ಆಯಿಲಿನ ವಾಸನೆ ಕುಡಿದ ಈ ಜನಕ್ಕೆ ವರ್ಷಕ್ಕೊಮ್ಮೆ ಮುತ್ತತ್ತಿಗೆ ಹೋಗುವುದು ವ್ರತದಂತೆ. ಎಲ್ಲರೂ ಸೇರಿ ದುಡ್ಡು ಹಾಕಿ ಒಂದು ಮೆಟಡಾರ್ ಗೊತ್ತುಮಾಡುವುದು, ಎರಡನೇ ಶನಿವಾರ ಬೆಳಗ್ಗೆ ಹೊರಟು ಭಾನುವಾರ ಸಂಜೆಗೆ ಹಿಂದಿರುಗುವುದು. ಆ ವರ್ಷ “ಮೇಷ್ಟ್ರೂ ಬರ್ಲಿ” ಎಂದು ನನ್ನನ್ನೂ ಹತ್ತಿಸಿಕೊಂಡರು.

ಮುತ್ತತ್ತಿ ಗೊತ್ತಿಲ್ಲದವರಿಗೆ ಎರಡು ಮಾತು. ಬೆಂಗಳೂರಿನಿಂದ ಕನಕಪುರ, ಸಾತನೂರು ದಾಟಿ, ಹಲಗೂರಿನಲ್ಲಿ ಹೆದ್ದಾರಿ ಬಿಟ್ಟು ಕಾಡಿನ ದಾರಿ ಹಿಡಿದರೆ ಕಾವೇರಿಯ ದಂಡೆಯಲ್ಲಿ ಸಿಗುವ ಪುಟ್ಟ ಊರು. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್. ಮಳವಳ್ಳಿ ತಾಲೂಕಿಗೆ ಸೇರಿದ್ದು. ನದಿಯಲ್ಲಿ ಮೀಯುವಾಗ ಸೀತಾದೇವಿಯ ಮುತ್ತಿನ ಮೂಗುತಿ ಜಾರಿ ನೀರಿಗೆ ಬಿತ್ತಂತೆ. ಆಂಜನೇಯ ಬಾಲದಿಂದ ಹೊಳೆಯನ್ನು ಕಲಕಿ ಎತ್ತಿಕೊಟ್ಟನಂತೆ. ಅದಕ್ಕೇ ಅಲ್ಲಿಯ ದೇವರು ಮುತ್ತತ್ತಿರಾಯ. ನಮ್ಮ ಡಾ. ರಾಜ್‌ಕುಮಾರ್ ಅವರಿಗೆ ಹುಟ್ಟಿದಾಗ ಇಟ್ಟ ಮುತ್ತುರಾಜ ಎಂಬ ಹೆಸರು ಈ ದೇವರದ್ದೇ. ಆಂಜನೇಯ ಕಲಕಿದ ಹೊಳೆ ಇನ್ನೂ ಪೂರ್ತಿ ತಿಳಿಯಾಗಿಲ್ಲವೆಂದೇ ಹೇಳಬೇಕು. ಮೇಲೆ ಕನ್ನಡಿಯಂತೆ ಕಾಣುವ ನೀರಿನ ಒಳಗೆ ಸುಳಿಗಳಿವೆ, ಬಂಡೆಗಳ ನಡುವೆ ಗುಂಡಿಗಳಿವೆ. ಈಜು ಬಲ್ಲವರೂ ಅಲ್ಲಿ ಪ್ರಾಣ ಬಿಟ್ಟಿದ್ದಾರೆ. ಮೊಸಳೆಗಳೂ ಇವೆ.

ಆ ಊರಿನ ಸುತ್ತಲ ಕಾಡು 1987ರಲ್ಲೇ ಕಾವೇರಿ ವನ್ಯಜೀವಿ ಧಾಮವೆಂದು ಘೋಷಣೆಯಾಗಿತ್ತು. ಆದರೆ ನಮ್ಮ ವಠಾರದವರಿಗೆ ಅದು ಕಾಡಲ್ಲ, ದೇವರ ಸನ್ನಿಧಿ. ದಂಡೆಯಲ್ಲಿ ಒಲೆ ಹೂಡಿ ಉಂಡು ಬರುವ ಜಾಗ. ಹರಕೆಯವರು ತಲೆತಲಾಂತರದಿಂದ ಹಾಗೆಯೇ ಮಾಡಿಕೊಂಡು ಬಂದವರು. ಅದು ವೀರಪ್ಪನ್ ಇದ್ದ ಕಾಲ. ಕಾವೇರಿಯ ಕಾಡೆಂದರೆ ಮನೆಯಲ್ಲಿ ಹೆಂಗಸರು ಹೆದರುತ್ತಿದ್ದರು. ನಮ್ಮವರು ಹೆದರಿದ್ದು ಮೆಟಡಾರ್ ಕೆಟ್ಟುನಿಂತೀತು ಎಂಬುದಕ್ಕೆ ಮಾತ್ರ.

ಹನ್ನೊಂದು ಜನಕ್ಕೆ ಐದು ಸೇರು ಅಕ್ಕಿ, ಬೇಳೆ, ಬದನೆಕಾಯಿ, ಒಂದು ದೊಡ್ಡ ಉಂಡೆ ಬೆಲ್ಲ, ಚೀಲದಲ್ಲಿ ಕಲ್ಲುಪ್ಪು, ಪಂಪ್ ಸ್ಟೌವ್, ಕ್ಯಾನಿನಲ್ಲಿ ಸೀಮೆಎಣ್ಣೆ, ಕಾರ್ಖಾನೆಯಿಂದ ತಂದ ಎರಡು ಟಾರ್ಪಾಲು. ಇಷ್ಟು ನಮ್ಮ ಸರಂಜಾಮು. ಸ್ಟೌವು ಗಾಳಿಗೆ ಆರಿ ಆರಿ ಸತಾಯಿಸಿತು. ಕೊನೆಗೆ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಹೊಳೆಮತ್ತಿ ಮರಗಳ ನೆರಳು ಸಂಜೆಯ ಹೊತ್ತಿಗೆ ನೀರಿನ ಮೇಲೆ ಚಾಚಿಕೊಂಡಿತ್ತು. ಎತ್ತರದ ಕೊಂಬೆಯಿಂದ ಕೊಂಬೆಗೆ ಬೂದು ಬಣ್ಣದ ದೊಡ್ಡ ಅಳಿಲೊಂದು ಜಿಗಿಯಿತು. ಬೆಕ್ಕಿನಷ್ಟು ಉದ್ದ, ಅದಕ್ಕಿಂತ ಉದ್ದದ ಬಾಲ. ಅದು ನಮ್ಮ ರಾಜ್ಯದಲ್ಲಿ ಎಲ್ಲೆಂದರಲ್ಲಿ ಸಿಗುವ ಪ್ರಾಣಿಯಲ್ಲ, ಈ ನದಿಕಾಡಿನ ಮರಗಳೇ ಅದರ ಆಸರೆ ಎಂಬುದು ಬಿಎಸ್ಸಿ ಓದಿದ ನನಗೂ ಆಗ ಗೊತ್ತಿರಲಿಲ್ಲ.

ಕತ್ತಲಾಗುವ ಮುನ್ನ ಕಾವಲುಗಾರನೊಬ್ಬ ಬಂದ. ಖಾಕಿ ಅಂಗಿ, ಲುಂಗಿ, ಕೈಯಲ್ಲೊಂದು ಬಿದಿರ ಕೋಲು. “ಮೇಷ್ಟ್ರೇ, ಇಲ್ಲಿ ಮನಗಬ್ಯಾಡಿ. ದೇವಸ್ಥಾನದ ತಾವ ಛತ್ರ ಅದೆ, ಅಲ್ಲಿಗೋಗಿ” ಎಂದ. ಹೋಗುತ್ತೇವೆ ಎಂದೆವು. ಹೋಗಲಿಲ್ಲ. ನದಿಯ ತಣ್ಣನೆ ಗಾಳಿ ಬಿಟ್ಟು ಛತ್ರದ ಸೊಳ್ಳೆಗೆ ಯಾರು ಮೈಯೊಡ್ಡುತ್ತಾರೆ?

ಊಟವಾದ ಮೇಲೆ ನೋಡಿದರೆ ಅರ್ಧ ತಪ್ಪಲೆ ಅನ್ನ ಹಾಗೇ ಉಳಿದಿತ್ತು, ಹುಳಿಯೂ ಉಳಿದಿತ್ತು. ಒಬ್ಬ ಹೊಳೆಗೆ ಸುರಿಯೋಣವೆಂದ. ಇನ್ನೊಬ್ಬ ಪೊದೆಗೆಸೆಯೋಣವೆಂದ. ಆಗ ವಿಜ್ಞಾನದ ಮೇಷ್ಟ್ರು ಎದ್ದು ನಿಂತರು, ಅಂದರೆ ನಾನು. ನೀರು ಕೆಡಿಸಬಾರದು, ಗಲೀಜು ಮಾಡಬಾರದು, ಮಣ್ಣಿನಲ್ಲಿ ಹೂತರೆ ಸೂಕ್ಷ್ಮಜೀವಿಗಳು ಕೊಳೆಯಿಸಿ ಗೊಬ್ಬರ ಮಾಡುತ್ತವೆ ಎಂದು ಸಣ್ಣದೊಂದು ಪಾಠವನ್ನೇ ಮಾಡಿದೆ. ಮೊಳಕೈ ಆಳದ ಗುಂಡಿ ತೋಡಿಸಿ ಅನ್ನ, ಹುಳಿ, ಬಾಳೆಲೆ ಎಲ್ಲವನ್ನೂ ಹಾಕಿಸಿ ಮರಳು ಮುಚ್ಚಿಸಿದೆ. ಎಲ್ಲರೂ ತಲೆದೂಗಿದರು. ಓದಿದವರ ಮಾತು ನೋಡಿ.

ವಾಸನೆಯ ಅಣುಗಳು ಗಾಳಿಯಲ್ಲಿ ಹೇಗೆ ಹರಡಿಕೊಳ್ಳುತ್ತವೆ ಎಂಬ ವಿಸರಣದ ಪಾಠವನ್ನು ನಾನು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಮಾಡುತ್ತೇನೆ. ಕೋಣೆಯ ಮೂಲೆಯಲ್ಲಿ ಊದುಬತ್ತಿ ಹಚ್ಚಿ ತೋರಿಸುತ್ತೇನೆ. ಮರಳೆಂದರೆ ಕಣಗಳ ನಡುವೆ ಗಾಳಿಯಾಡುವ ಜರಡಿ, ಹಗಲೆಲ್ಲ ಕಾದ ಮರಳು ರಾತ್ರಿಯೂ ಬೆಚ್ಚಗಿರುತ್ತದೆ, ಅದರಡಿಯ ಅನ್ನ ಹಳಸುತ್ತ ಊದುಬತ್ತಿಯ ಕೆಲಸವನ್ನೇ ಮಾಡುತ್ತದೆ ಎಂಬುದು ಅಂದು ಹೊಳೆಯಲಿಲ್ಲ. ತರಗತಿಯ ವಿಜ್ಞಾನ ತರಗತಿಯಲ್ಲೇ ಉಳಿದಿತ್ತು.

ಮೊದಲು ಬಂದದ್ದು ಕಾಡುಹಂದಿಗಳು. ಗುಟುರು, ಮರಳು ಚಿಮ್ಮುವ ಸದ್ದು. ಟಾರ್ಚು ಬಿಟ್ಟು ನಕ್ಕೆವು. ಸ್ವಲ್ಪ ಹೊತ್ತಿಗೆ ಹಂದಿಗಳು ಒಮ್ಮೆಲೇ ಓಡಿಹೋದವು. ಆಮೇಲೆ ಏನೂ ಸದ್ದಿರಲಿಲ್ಲ. ಆನೆ ನಡೆದರೆ ನೆಲ ನಡುಗುತ್ತದೆ ಎಂದು ಹೇಳುವವರು ಆನೆಯನ್ನು ಸರ್ಕಸ್ಸಿನಲ್ಲಿ ನೋಡಿದವರಿರಬೇಕು. ಅದರ ಅಂಗಾಲು ಹತ್ತಿಯ ದಿಂಬು. ನಮಗೆ ಮೊದಲು ಕೇಳಿದ್ದು ಉಸಿರು, ಲೇತ್‌ಗೆ ಗಾಳಿ ಹೊಡೆಯುವ ಪೈಪಿನಂತೆ ಒಂದು ಉದ್ದನೆಯ ಉಸಿರು. ಹನ್ನೊಂದು ಜನ ಮೆಟಡಾರಿನೊಳಗೆ ಹೇಗೆ ಹೊಕ್ಕೆವೋ ಮುತ್ತತ್ತಿರಾಯನೇ ಬಲ್ಲ. ಒಂಟಿ ಸಲಗ. ಟಾರ್ಪಾಲನ್ನು ಸೊಂಡಿಲಿನಿಂದ ಎತ್ತಿ ಪಕ್ಕಕ್ಕಿಟ್ಟು, ಬೆಲ್ಲದ ಉಂಡೆ ತಿಂದು, ಉಪ್ಪಿನ ಚೀಲವನ್ನು ಕಾಲಲ್ಲಿ ಒತ್ತಿ ಒಡೆದು, ಬಹಳ ಹೊತ್ತು ಅಲ್ಲೇ ನಿಂತಿತ್ತು. ಅವಸರವೇ ಇರಲಿಲ್ಲ. ಆಮೇಲೆ ದೇವಸ್ಥಾನದ ಕಡೆಗೆ ಹೊರಟುಹೋಯಿತು.

ಬೆಳಗ್ಗೆ ಹೋಗಿ ನೋಡಿದರೆ, ದೇವಸ್ಥಾನದ ಹಾದಿಯಲ್ಲಿ ಹಣ್ಣುಕಾಯಿ ಮಾರುವ ಅಜ್ಜಿಯೊಬ್ಬರ ತಟ್ಟಿಯ ಅಂಗಡಿ ನೆಲಸಮವಾಗಿತ್ತು. ಬಾಳೆಗೊನೆ ಇಲ್ಲ, ಬೆಲ್ಲವಿಲ್ಲ, ತೆಂಗಿನಕಾಯಿ ಚೂರುಚೂರು. ಅಜ್ಜಿ ಪಕ್ಕದ ಮನೆಯಲ್ಲಿ ಮಲಗಿದ್ದರಿಂದ ಬದುಕಿದ್ದರು. ಬೇರೆ ದಿನವಾಗಿದ್ದರೆ ಅಂಗಡಿಯಲ್ಲೇ ಮಲಗುತ್ತಿದ್ದರಂತೆ.

ಕಾವಲುಗಾರ ನಮ್ಮನ್ನು ಬೈಯಲಿಲ್ಲ. ಹಂದಿ ಅಗೆದ ಗುಂಡಿಯನ್ನು ನೋಡಿದ, ನನ್ನ ಮುಖ ನೋಡಿದ. “ಈ ವರ್ಸ ಇನ್ನೂ ಅಂಗಡಿ ತಾವ ಬಂದಿರ್ಲಿಲ್ಲ ಮೇಷ್ಟ್ರೇ” ಎಂದಷ್ಟೇ ಹೇಳಿದ.

ನಮ್ಮ ಅನ್ನದಿಂದಲೇ ಅದು ಅಲ್ಲಿಯವರೆಗೆ ಬಂತೆಂದು ಸಾಬೀತು ಮಾಡಲಾರೆ. ಬಾಳೆಗೊನೆಯ ವಾಸನೆಗೇ ಬಂದಿರಲೂಬಹುದು. ಒಂದು ಘಟನೆಯಿಂದ ಕಾರಣ ತೀರ್ಮಾನಿಸಬೇಡಿ ಎಂದು ಮಕ್ಕಳಿಗೆ ನಾನೇ ಹೇಳುತ್ತೇನೆ. ಆದರೆ ಅಜ್ಜಿಯ ಎದುರು ನಿಂತಾಗ ಆ ಮಾತು ಬಾಯಿಗೆ ಬರಲಿಲ್ಲ. ಎಲ್ಲರ ಜೇಬು ತಡಕಿ ಮುನ್ನೂರು ರೂಪಾಯಿ ಕೊಟ್ಟೆವು. ಅಜ್ಜಿ ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು, “ಆನೆಗೇನ್ ಗೊತ್ತಾದದು ಬುಡಪ್ಪ” ಎಂದರು. ಮನುಷ್ಯರಿಗಾದರೂ ಗೊತ್ತಾಗಬೇಕಿತ್ತು ಎಂಬ ಅರ್ಥ ಅದರಲ್ಲಿತ್ತೋ ಇಲ್ಲವೋ, ನನಗಂತೂ ಹಾಗೇ ಕೇಳಿಸಿತು.

ಹಿಂದಿರುಗುವಾಗ ಮೆಟಡಾರಿನಲ್ಲಿ ಮಾತಿರಲಿಲ್ಲ. ನಮ್ಮ ಗುಂಪಿನಲ್ಲಿ ತಗಡಿನ ಕೆಲಸ ಮಾಡುವ ಗೆಳೆಯನೊಬ್ಬನಿದ್ದ. ಮೂರನೇ ವಾರ ನನ್ನನ್ನು ತನ್ನ ಶೆಡ್ಡಿಗೆ ಕರೆದೊಯ್ದು ಒಂದು ಪೆಟ್ಟಿಗೆ ತೋರಿಸಿದ. ಹದಿನಾರು ಗೇಜಿನ ತಗಡು, ಮೂಲೆಗಳಿಗೆ ಒಳಗಿನಿಂದ ವೆಲ್ಡಿಂಗ್, ವಾಸನೆ ಹೊರಬಾರದಂತೆ ಮುಚ್ಚಳದ ಸುತ್ತ ರಬ್ಬರ್ ಬೀಡಿಂಗ್. ಚಿಲಕವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದರಲ್ಲಿ ಎತ್ತಬೇಕು. ಕೋತಿಗೂ ಎರಡು ಕೈಯಿದೆಯಲ್ಲೋ ಎಂದೆ. “ಇದೆ, ಆದ್ರೆ ಎರಡನ್ನೂ ಒಟ್ಟಿಗೆ ಇಷ್ಟು ಬಲವಾಗಿ ಬಳಸಲ್ಲ ಮೇಷ್ಟ್ರೇ, ಸ್ಪ್ರಿಂಗ್ ಹಾಗಿದೆ” ಎಂದ. ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ ಅಜ್ಜಿಗೆ ಕೊಟ್ಟು ಬಂದೆವು. ಹಗಲಿನ ಕೋತಿಗಳಿಗೂ ರಾತ್ರಿಯ ದೊಡ್ಡವರಿಗೂ ಸೇರಿ ಒಂದೇ ಪೆಟ್ಟಿಗೆ. ಆನೆ ಮನಸ್ಸು ಮಾಡಿದರೆ ಅದನ್ನು ಚಪ್ಪಟೆ ಮಾಡಬಲ್ಲದು. ಮನಸ್ಸು ಬರದಂತೆ ಮಾಡುವುದಷ್ಟೇ ನಮ್ಮ ಕೈಲಾದದ್ದು.

ಇದೆಲ್ಲ ಮರೆತೇಹೋಗಿತ್ತು. 2018ರ ಮೇ ತಿಂಗಳಲ್ಲಿ ನನ್ನ ತಮ್ಮ ಜೋಹಾನ್ಸ್‌ಬರ್ಗಿಗೆ ಕರೆಸಿಕೊಂಡ. ಅವನೂ ಎಲೆಕ್ಟ್ರಾನಿಕ್ ಸಿಟಿಯವನೇ, ಕಂಪೆನಿ ಎರಡು ವರ್ಷಕ್ಕೆಂದು ಅಲ್ಲಿಗೆ ಕಳಿಸಿತ್ತು. ಅಲ್ಲಿಂದ ಕಾರಿನಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. 1898ರಲ್ಲಿ ಸಾಬಿ ಮೀಸಲು ಎಂದು ಸಣ್ಣದಾಗಿ ಆರಂಭವಾಗಿ 1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನ ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕದ ಹತ್ತನೇ ಒಂದು ಭಾಗ! ಅದರೊಳಗೆ ಅಲ್ಲಲ್ಲಿ ಬೇಲಿ ಹಾಕಿದ ಬಿಡಾರಗಳು. ಗುಡಿಸಲು ಬೇಕಾದವರಿಗೆ ಗುಡಿಸಲು, ಟೆಂಟ್ ತಂದವರಿಗೆ ಜಾಗ. ಊಟವನ್ನು ಯಾರೂ ತಂದುಕೊಡುವುದಿಲ್ಲ. ಬೇಕಾದರೆ ಹೋಟೆಲುಂಟು, ಬಹಳಷ್ಟು ಜನ ತಾವೇ ಬೇಯಿಸಿಕೊಳ್ಳುತ್ತಾರೆ. ಸಾಮೂಹಿಕ ಅಡುಗೆಮನೆಯಲ್ಲಿ ಕಾಯಿಸುವ ಹಂಚು, ತೊಳೆಯುವ ತೊಟ್ಟಿ, ಸದಾ ಕುದಿಯುವ ನೀರು.

ನಾವು ಸಟಾರಾ ಎಂಬ ಬಿಡಾರದಲ್ಲಿ ಎರಡು ರಾತ್ರಿ ಇದ್ದೆವು. ಅಂಗಡಿಯಲ್ಲಿ ಸಿಕ್ಕ ಬಿಳಿ ಜೋಳದ ಹಿಟ್ಟನ್ನು, ನಮ್ಮ ಮೆಕ್ಕೆಜೋಳದ್ದೇ, ಅವರು ‘ಪ್ಯಾಪ್’ ಎಂದು ಗಟ್ಟಿಯಾಗಿ ಬೇಯಿಸಿ ತಿನ್ನುತ್ತಾರೆ. ತಮ್ಮನ ಹೆಂಡತಿ ಅದನ್ನೇ ಕೋಲಿನಲ್ಲಿ ತಿರುವಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, ಬೇಳೆಸಾರಿನ ಜೊತೆ ಬಡಿಸಿದಳು. ಪಕ್ಕದ ಟೆಂಟಿನ ಬಿಳಿಯ ಮುದುಕ ಒಂದು ಮುದ್ದೆ ಇಸಿದುಕೊಂಡು ಹೋಗಿ ಮಾಂಸದ ಜೊತೆ ತಿಂದ.

ಸ್ವಾತಂತ್ರ್ಯ ಬಹಳವಿದೆ ಎನ್ನಿಸಿತೇ? ನಿಯಮಗಳನ್ನು ಕೇಳಿ. ಸಂಜೆ ಐದೂವರೆಗೆ ಬಿಡಾರದ ಗೇಟು ಮುಚ್ಚುತ್ತದೆ, ಅಷ್ಟರೊಳಗೆ ನೀವು ಒಳಗಿರಬೇಕು, ತಡವಾದರೆ ದಂಡ. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ಮೀರುವಂತಿಲ್ಲ. ಗೊತ್ತುಮಾಡಿದ ಜಾಗದಲ್ಲಲ್ಲದೆ ಕಾರಿನಿಂದ ಇಳಿಯುವಂತಿಲ್ಲ. ಪ್ರಾಣಿಗಳಿಗೆ ಒಂದು ಚೂರೂ ತಿನ್ನಿಸುವಂತಿಲ್ಲ. ಮನುಷ್ಯನ ಆಹಾರದ ರುಚಿ ಹತ್ತಿದ ಪ್ರಾಣಿ ಆಕ್ರಮಣಕಾರಿಯಾಗುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಬರೆದಿರುತ್ತಾರೆ. ಹಗಲು ಕೋತಿಗಳ ಕಾಟಕ್ಕೆ ಬ್ರೆಡ್ಡಿನ ಪೊಟ್ಟಣವನ್ನು ಕಣ್ಣೆದುರಿಗೇ ಕಳೆದುಕೊಂಡೆವು. ರಾತ್ರಿ ನೆರೆಯ ಮುದುಕ ಕೆಂಡದ ಮೇಲೆ ಮಾಂಸ ಸುಡುತ್ತಿದ್ದಾಗ ಬೇಲಿಯ ಆಚೆ ಒಂದು ಕತ್ತೆಕಿರುಬ ಬಂದು ತಲೆ ತಗ್ಗಿಸಿ ಅತ್ತಿಂದಿತ್ತ ಓಡಾಡತೊಡಗಿತು. ನಾಲ್ಕು ಮಾರು ದೂರ, ನಡುವೆ ತಂತಿ. ಯಾರೋ ಎಂದೋ ಬೇಲಿಯಾಚೆ ಮೂಳೆ ಎಸೆದಿರಬೇಕು, ಅದಕ್ಕೆ ಇನ್ನೂ ನೆನಪಿದೆ ಎಂದ ಮುದುಕ.

ಎಂಜಲು ಹಾಕಲೆಂದು ಕಸದ ಡಬ್ಬದ ಬಳಿ ಹೋದೆ. ಮುಚ್ಚಳಕ್ಕೆ ಚಿಲಕ. ಸಟಾರಾದ ತರಕರಡಿಗಳು ಕಸದ ಡಬ್ಬ ತೆರೆಯುವುದರಲ್ಲಿ ಹೆಸರುವಾಸಿಯಾದವು, ಅವಕ್ಕಾಗಿ ಈ ಏರ್ಪಾಡು ಎಂದು ತಮ್ಮ ವಿವರಿಸಿದ. ಚಿಲಕ ಎತ್ತುತ್ತಿದ್ದಂತೆ ಪೀಣ್ಯದ ಶೆಡ್ಡು, ವೆಲ್ಡಿಂಗಿನ ಕಿಡಿ, ಅಜ್ಜಿಯ ಮುಖ ಎಲ್ಲ ಒಮ್ಮೆಗೇ ಕಣ್ಣಮುಂದೆ ಬಂದವು. ತರಕರಡಿ ಆಫ್ರಿಕಾದ್ದೇ ಎಂದು ಕೊಂಡಿದ್ದ ನನಗೆ ಊರಿಗೆ ಬಂದ ಮೇಲೆ ಇನ್ನೊಂದು ಅಚ್ಚರಿ ಕಾದಿತ್ತು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಕ್ಯಾಮೆರಾ ಟ್ರ್ಯಾಪ್ ಇಟ್ಟು ಕರ್ನಾಟಕದಲ್ಲಿ ತರಕರಡಿಯ ಛಾಯಾಚಿತ್ರ ಪಡೆದು 2014ರಲ್ಲಿ ಪ್ರಕಟಿಸಿದ್ದು ಇದೇ ಕಾವೇರಿ ವನ್ಯಜೀವಿ ಧಾಮದಿಂದ. ನಾವು ಟಾರ್ಪಾಲು ಹಾಸಿ ಮಲಗಿದ್ದ ಕಾಡಿನಲ್ಲೇ! ಅದೇ 2014ರಲ್ಲಿ ಜಪಾನಿನ ವಿಜ್ಞಾನಿಗಳು ಆಫ್ರಿಕದ ಆನೆಯಲ್ಲಿ ವಾಸನೆ ಗ್ರಹಿಸುವ ಸುಮಾರು 2,000 ಜೀನುಗಳಿವೆ, ನಾಯಿಯ ಎರಡರಷ್ಟು, ನಮ್ಮ ಐದರಷ್ಟು ಎಂದು ಲೆಕ್ಕಹಾಕಿದರು. ನಮ್ಮ ಆನೆಯ ಮೂಗೂ ಸಾಮಾನ್ಯದ್ದಲ್ಲ. ಅಂಥ ಮೂಗಿನ ಎದುರು ನಾನು ಮೊಳಕೈ ಆಳದ ಮರಳು ಮುಚ್ಚಿಸಿದ್ದೆ.

ಆಫ್ರಿಕದವರು ನಮಗಿಂತ ಒಳ್ಳೆಯವರು ಎಂದು ಹೇಳುತ್ತಿಲ್ಲ. ಅವರ ಬೇಲಿ, ಅವರ ಜಾಗ, ಅವರ ದುಡ್ಡು ಬೇರೆ. ಆ ಕಾಡಿನಿಂದ ಜನರನ್ನು ಎಬ್ಬಿಸಿದ ಕಥೆಯೂ ಇದೆ. ನಮ್ಮ ಕಾಡಿನಂಚಿನಲ್ಲಿ ಊರುಗಳಿವೆ, ರಾಗಿ ಹೊಲಗಳಿವೆ, ದೇವರಿದ್ದಾನೆ, ಅಜ್ಜಿಯ ಅಂಗಡಿಯಿದೆ. ಅಂಥಲ್ಲಿ ಒಂದು ತಪ್ಪಲೆ ಅನ್ನದ ಲೆಕ್ಕ ಯಾರದೋ ತಟ್ಟಿಗೋಡೆಗೆ ಹೋಗಿ ತಾಗುತ್ತದೆ. ಆಮೇಲಿನ ವರ್ಷಗಳಲ್ಲಿ ಮುತ್ತತ್ತಿಗೆ ನಮ್ಮಂಥ ಒಂದು ಮೆಟಡಾರಲ್ಲ, ಸಾಲುಗಟ್ಟಿ ಕಾರುಗಳು ಬಂದವು. ಬಾಟಲಿಯ ಗಾಜು, ಪ್ಲಾಸ್ಟಿಕ್ ತಟ್ಟೆ, ಸುಟ್ಟ ಒಲೆಗಳ ಕಪ್ಪು, ವರ್ಷ ವರ್ಷವೂ ಹೊಳೆಯಲ್ಲಿ ಸಾವು. ಅರಣ್ಯ ಇಲಾಖೆ ಕಡಿವಾಣ ಹಾಕುತ್ತ ಬಂತು. ಈಗ ಕಾಡಿನೊಳಗೆ ತಮ್ಮಷ್ಟಕ್ಕೆ ಡೇರೆ ಹೂಡಿ ಒಲೆ ಹಚ್ಚುವಂತಿಲ್ಲ. ಇರಬೇಕೆಂದರೆ ಭೀಮೇಶ್ವರಿ, ಗಾಲಿಬೋರೆಯಂಥ ಕಡೆ ಜಂಗಲ್ ಲಾಡ್ಜಸ್‌ನವರ ಬಿಡಾರಗಳಿವೆ. ಅಡುಗೆ ಅವರದೇ, ದರವೂ ಅವರದೇ. ನನ್ನ ವಠಾರದ ಫಿಟ್ಟರಿಗೆ ಅದು ಎಟುಕುವುದಿಲ್ಲ. ಈ ವಿಷಯದಲ್ಲಿ ನನಗೆ ಬೇಸರವಿದೆ. ಕ್ರೂಗರಿನಲ್ಲಿ ಟೆಂಟು ಹೂಡುವ ಜಾಗವೇ ಎಲ್ಲಕ್ಕಿಂತ ಅಗ್ಗ. ನಮ್ಮಲ್ಲೂ ಕಾಡಿನ ಹೊರಗೆ, ಊರಿನ ಅಂಚಿನಲ್ಲಿ, ಕಾವಲಿರುವ ಒಂದು ಅಂಗಳ, ನಾಲ್ಕು ಒಲೆ, ಚಿಲಕವಿರುವ ಡಬ್ಬ ಇಟ್ಟು ಕಡಿಮೆ ದರಕ್ಕೆ ಕೊಟ್ಟರೆ ಆಗದೇ?

ಇದನ್ನೆಲ್ಲ ಕೇಳಿದ ಹುಡುಗರು, “ಹಾಗಾದ್ರೆ ಎಲೆಕ್ಟ್ರಾನಿಕ್ ಸಿಟಿ ಹತ್ರ ಎಲ್ಲಾದ್ರೂ ಟೆಂಟ್ ಬಾಡಿಗೆಗೆ ಸಿಗುತ್ತಲ್ಲ ಸಾರ್, ಅಲ್ಲಿ?” ಎಂದರು. ಅವರ ಆಫೀಸಿನಿಂದ ಬನ್ನೇರುಘಟ್ಟದ ಕಾಡು ಎಷ್ಟು ಹತ್ತಿರವೆಂದು ಅವರಿಗೆ ಗೊತ್ತಿತ್ತು. ಆ ಕಾಡು ದಕ್ಷಿಣಕ್ಕೆ ಹಬ್ಬುತ್ತ ಹಬ್ಬುತ್ತ ಕಾವೇರಿಯ ಕಾಡುಗಳಿಗೆ ಕೂಡಿಕೊಳ್ಳುತ್ತದೆ, ಆನೆಗಳು ಆ ದಾರಿಯಲ್ಲಿ ಓಡಾಡುತ್ತವೆ, ರಾಗಿ ತೆನೆಗಟ್ಟಿದಾಗ ಆನೇಕಲ್ಲಿನ ಹೊಲಗಳಿಗೆ ಇಳಿಯುತ್ತವೆ ಎಂಬುದು ಗೊತ್ತಿರಲಿಲ್ಲ. ನೀವು ಅಲ್ಲಿ ಮಾಂಸ ಸುಟ್ಟು ಮೂಳೆ ಎಸೆದು ಸೋಮವಾರ ಆಫೀಸಿಗೆ ಹೋಗುತ್ತೀರಿ, ಮಂಗಳವಾರ ರಾತ್ರಿ ಹೊಲ ಕಾಯುವವನು ಬೇರೆಯವನು ಎಂದೆ. ಸ್ವಲ್ಪ ಮೇಷ್ಟ್ರ ದನಿ ಬಂದುಬಿಟ್ಟಿತು. ಹುಡುಗರು ಸುಮ್ಮನಾದರು.

ಮುಂದಿನ ಭಾನುವಾರ ಅವರೇ ಕಾರು ತಂದು ನನ್ನನ್ನು ಮುತ್ತತ್ತಿಗೆ ಕರೆದೊಯ್ದರು. ಬುತ್ತಿ ಮನೆಯಿಂದಲೇ, ಮೊಸರನ್ನ, ಚಪಾತಿ; ಉಳಿದದ್ದೆಲ್ಲ ಬಿಗಿ ಮುಚ್ಚಳದ ಡಬ್ಬಿಯಲ್ಲಿ ವಾಪಸು ಎಂಬ ಕರಾರಿನ ಮೇಲೆ. ನೀರಿಗೆ ಯಾರೂ ಇಳಿಯಲಿಲ್ಲ. ಹೊಳೆಮತ್ತಿಯ ಕೊಂಬೆಯಲ್ಲಿ ಅಳಿಲಿನ ಗೂಡು ಕಂಡಿತು, ಅಳಿಲು ಕಾಣಲಿಲ್ಲ.

ದೇವಸ್ಥಾನದ ಹಾದಿಯಲ್ಲಿ ಅಜ್ಜಿಯ ಅಂಗಡಿಯನ್ನು ಹುಡುಕಿದೆ. ಅಜ್ಜಿ ಹೋಗಿ ಬಹಳ ವರ್ಷವಾಯಿತಂತೆ. ಸೊಸೆ ನಡೆಸುತ್ತಿದ್ದಾಳೆ, ಈಗ ಇಟ್ಟಿಗೆ ಗೋಡೆ, ಮೇಲೆ ಶೀಟು. ಒಳಗೆ ಮೂಲೆಯಲ್ಲಿ ಆ ಪೆಟ್ಟಿಗೆ! ಬಣ್ಣ ಹೋಗಿ ಕಂದು ತಿರುಗಿದೆ, ರಬ್ಬರು ಒಡೆದಿದೆ. ಆದರೂ ಬೆಲ್ಲ, ಬಾಳೆಹಣ್ಣು ರಾತ್ರಿ ಅದರಲ್ಲೇ. ನಾನು ಯಾರೆಂದು ಹೇಳಿದಾಗ ಆಕೆ ನಕ್ಕಳು. “ಅತ್ತೆ ಹೇಳೋರು, ಬೆಂಗಳೂರ್ ಮೇಷ್ಟ್ರು ಕೊಟ್ಟಿದ್ದು ಅಂತ. ಚಿಲಕ ಸವೆದೋಗದೆ ಸಾರ್, ತಂತಿ ಕಟ್ಟಿವ್ನಿ. ಕೋತಿ ಬಿಚ್ಚಾಕ್ತದೆ. ಇನ್ನೊಂದ್ ಚಿಲಕ ಮಾಡಿಸ್ಕೊಟ್ಟೀರಾ?”

ತಗಡಿನ ಗೆಳೆಯ ಶೆಡ್ಡು ಮುಚ್ಚಿ ಊರು ಸೇರಿ ಎಷ್ಟೋ ವರ್ಷವಾಯಿತು. ಚಿಲಕದ ಅಳತೆಯನ್ನು ಸಿಗರೇಟು ಪ್ಯಾಕಿನ ರಟ್ಟಿನ ಮೇಲೆ ಬರೆದುಕೊಂಡು ಬಂದಿದ್ದೇನೆ. ಪೀಣ್ಯದಲ್ಲಿ ಎರಡು ಕಡೆ ಕೇಳಿದೆ. ಒಂದೇ ಪೀಸಿಗೆ ಮಾಡಿಕೊಡಲು ಯಾರಿಗೂ ಪುರುಸೊತ್ತಿಲ್ಲ. ಮೂರನೆಯವನು ಶನಿವಾರ ಬನ್ನಿ ಎಂದಿದ್ದಾನೆ.